ಉಬ್ಬರದ ಹೊತ್ತಿಗೆ ಮಳೆ ಬಂದರೆ: ಮಂಗಳೂರಿನ ತೋಡುಗಳ ಜೊತೆ ನನ್ನ ಕೆಲಸ

ಹವಾಮಾನ ಬದಲಾವಣೆಗೆ ಊರು ಸಜ್ಜಾಗಬೇಕು ಎಂಬ ಮಾತು ಬಂದರೆ ಸಾಕು, ಸಭೆಯಲ್ಲಿ ಮೊದಲು ಬರುವುದು ಸೋಲಾರ್, ಎಲೆಕ್ಟ್ರಿಕ್ ಬಸ್, ಗಿಡ ನೆಡುವ ಕಾರ್ಯಕ್ರಮ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಮಂಗಳೂರಿನಂಥ ಊರಿನಲ್ಲಿ ಕೆಲಸ ತೋಡಿನಿಂದ, ಅಂದರೆ ಮಳೆನೀರು ಹರಿದುಹೋಗುವ ಸಣ್ಣ ಹಳ್ಳಗಳಿಂದ, ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಸಿವಿಲ್ ಇಂಜಿನಿಯರ್. ಇಲ್ಲಿನ ಕೆಲವು ವಾರ್ಡ್‌ಗಳಲ್ಲಿ ಮಳೆನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ, ಲೆಕ್ಕ ಮಾಡಿಕೊಟ್ಟ ತಂಡದಲ್ಲಿದ್ದೆ. ಉಡುಪಿ, ಕುಂದಾಪುರ, ಕಾರವಾರದ ಕಡೆ ಇಂಥದ್ದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಊರು ಹೇಗಿದೆ ನೋಡಿ. ಉತ್ತರಕ್ಕೆ ಗುರುಪುರ ಹೊಳೆ, ದಕ್ಷಿಣಕ್ಕೆ ನೇತ್ರಾವತಿ. ಎರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ನಡುವೆ ಮುರಕಲ್ಲಿನ ಗುಡ್ಡಗಳು, ಗುಡ್ಡಗಳ ಮಧ್ಯೆ ಹಿಂದೆ ಗದ್ದೆ ಇದ್ದ ತಗ್ಗು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದ ನೀರು ತೋಡಿಗೆ, ತೋಡಿನದ್ದು ಹೊಳೆಗೆ, ಹೊಳೆಯದ್ದು ಕಡಲಿಗೆ. ಹೇಳಲು ಸುಲಭ. ತೊಂದರೆ ಇರುವುದು ಕೊನೆಯ ಮೆಟ್ಟಿಲಿನಲ್ಲಿ. ಸಮುದ್ರ ಉಬ್ಬರದಲ್ಲಿದ್ದಾಗ ಅಳಿವೆಯ ಹತ್ತಿರ ಹೊಳೆಯ ಮಟ್ಟವೂ ಏರಿರುತ್ತದೆ. ಆಗ ತಗ್ಗಿನ ತೋಡುಗಳ ನೀರು ಹೊಳೆಗೆ ಇಳಿಯುವುದೇ ಇಲ್ಲ. ಕೆಲವು ಕಡೆ ಹೊಳೆಯ ನೀರೇ ಒಳಗೆ ನುಗ್ಗುತ್ತದೆ.

ಇದನ್ನು ಕಾಗದದ ಮೇಲೆ ತೋರಿಸುವುದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿರಲಿಲ್ಲ. ನೀರು ನುಗ್ಗಿತು ಎಂದು ಜನ ಫೋನ್ ಮಾಡಿದ ದೂರಿನ ಪುಸ್ತಕ ಇರುತ್ತದಲ್ಲ, ಅದರಿಂದ ದಿನ, ಗಂಟೆ ಬರೆದುಕೊಂಡೆವು. ಪಕ್ಕಕ್ಕೆ ಅದೇ ದಿನದ ಉಬ್ಬರ-ಇಳಿತದ ಪಟ್ಟಿ ಇಟ್ಟೆವು. ಬಂದರಿನ ಉಬ್ಬರದ ಪಟ್ಟಿ ವರ್ಷ ಮೊದಲೇ ಸಿಗುತ್ತದೆ. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಜೋರು. ಮೂರನೇ ಕಾಲಮ್ಮಿಗೆ ಗಂಟೆಗಂಟೆಯ ಮಳೆ. ಅಷ್ಟೇ. ಎರಡು ಗುಂಪು ತಾನಾಗಿಯೇ ಬೇರೆಯಾಯಿತು. ಹೊಳೆಗೆ ತಾಗಿದ ತಗ್ಗು ಜಾಗಗಳಲ್ಲಿ, ಕುದ್ರೋಳಿ, ಬೋಳಾರದಂಥ ಕಡೆ, ಉಬ್ಬರದ ಹೊತ್ತಿನ ದೂರುಗಳೇ ಜಾಸ್ತಿ. ಮೇಲಿನ ಜಾಗಗಳಲ್ಲಿ ಉಬ್ಬರಕ್ಕೂ ದೂರಿಗೂ ಸಂಬಂಧ ಇಲ್ಲ. ಅಲ್ಲಿ ಮೋರಿ ಸಣ್ಣದು, ಇಲ್ಲ ಎರಡು ತೋಡು ಕೂಡುವ ಕಡೆ ಅಗಲ ಸಾಲದು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ದುಡ್ಡು ದಂಡ. ಮೇಲಿನ ಮೋರಿ ಅಗಲ ಮಾಡಿದರೆ ನೀರು ಇನ್ನೂ ಬೇಗ ಕೆಳಗೆ ಬಂದು, ಉಬ್ಬರ ಬಾಗಿಲು ಮುಚ್ಚಿದಂತೆ ತಡೆದಿರುವ ಜಾಗದಲ್ಲಿ ತುಂಬಿಕೊಳ್ಳುತ್ತದೆ, ಅಲ್ವಾ?

ಆಮೇಲೆ ನಡೆದಾಟ. ಬೇಸಿಗೆಯಲ್ಲಿ ತೋಡು ಒಣಗಿದ ಮೇಲೆ ಗುಡ್ಡದ ಬುಡದಿಂದ ಹೊಳೆಯವರೆಗೆ ತೋಡಿನ ಒಳಗೇ ನಡೆದೆವು. ಟೇಪು, ಲೆವೆಲ್ ಸ್ಟಾಫು, ಗಂಬೂಟು, ಮೊಬೈಲು. ರಸ್ತೆಯ ಮೇಲಿಂದ ನೋಡಿದರೆ ಕಾಣದ್ದೆಲ್ಲ ಒಳಗೆ ಕಾಣುತ್ತದೆ. ಮೋರಿಯ ಬಾಯಿ ಎರಡು ಮೀಟರ್ ಇರುತ್ತದೆ, ಆದರೆ ಅದರ ನಡುವಿನಿಂದ ಕುಡಿಯುವ ನೀರಿನ ಪೈಪು ಹಾದುಹೋಗಿರುತ್ತದೆ, ಅದಕ್ಕೆ ಕಸ ಸಿಕ್ಕಿಕೊಂಡು ಅರ್ಧ ಬಾಯಿ ಮುಚ್ಚಿರುತ್ತದೆ. ಒಂದು ಕಡೆ ಅಗಲದ ತೋಡು, ಮುಂದಿನ ತಿರುವಿನಲ್ಲಿ ಯಾರದ್ದೋ ಕಾಂಪೌಂಡ್ ಎರಡು ಅಡಿ ಒಳಗೆ. ಇಂಥ ಜಾಗಗಳನ್ನೆಲ್ಲ ಫೋಟೋ ಸಮೇತ ನಕ್ಷೆಗೆ ಏರಿಸಿದೆವು. ರಿಕ್ಷಾ ಸ್ಟ್ಯಾಂಡಿನವರನ್ನು ಕೇಳುವುದಂತೂ ಕಡ್ಡಾಯ. ಒಬ್ಬರು ಹೇಳಿದರು: "ಎಂತ ಮಾರಾಯ್ರೇ, ಏಪ್ರಿಲಿನಲ್ಲಿ ಬಂದು ನೀರು ಎಲ್ಲಿ ನಿಲ್ತದೆ ಅಂತ ಕೇಳ್ತೀರಿ! ಮೊದಲು ಆ ಮೋರಿಯ ಹತ್ರ ಬರ್ತದೆ. ಅಲ್ಲಿ ಬಂತು ಅಂದ್ರೆ ಅರ್ಧ ಗಂಟೆಯಲ್ಲಿ ಇಲ್ಲಿ. ನಾವು ಗಾಡಿ ತೆಗೆದು ಆಚೆ ಇಡೋದು." ನೀರು ಯಾವ ಕ್ರಮದಲ್ಲಿ ಏರುತ್ತದೆ ಎಂಬ ಇಷ್ಟು ಸರಿಯಾದ ಮಾಹಿತಿ ಯಾವ ಕಚೇರಿಯಲ್ಲೂ ಇರಲಿಲ್ಲ.

ಹಳೆಯ ಭೂದಾಖಲೆಗಳನ್ನೂ ತೆಗೆದು ನೋಡಿದೆವು. ನಮ್ಮ ಕಡೆ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ಬೈಲು ತೀರಾ ತಗ್ಗು, ನೀರು ಧಾರಾಳ. ಬೆಟ್ಟು ಮೇಲಿನದು, ಮಳೆ ನಂಬಿದ ಒಂದೇ ಬೆಳೆ. ಇವತ್ತು ನೆಲಮಾಳಿಗೆಯ ಪಾರ್ಕಿಂಗ್‌ಗೆ ನೀರು ನುಗ್ಗುವ ಕಟ್ಟಡಗಳನ್ನು ಆ ನಕ್ಷೆಯ ಮೇಲೆ ಇಟ್ಟು ನೋಡಿ. ಹೆಚ್ಚಿನವು ಬೈಲಿನಲ್ಲೇ ನಿಂತಿರುತ್ತವೆ. ಲೈಸೆನ್ಸ್ ಕೊಡುವ ಮೊದಲು ಈ ಒಂದು ಕಾಲಮ್ ನೋಡುವ ಕ್ರಮ ಬಂದರೆ ಅರ್ಧ ಕೆಲಸ ಮುಗಿಯಿತು. ಬೈಲಿನಲ್ಲಿ ಕಟ್ಟಲೇಬಾರದು ಎಂದಲ್ಲ. ನೆಲಮಾಳಿಗೆ ಬೇಡ, ಕೆಳಗಿನ ಅಂತಸ್ತು ಖಾಲಿ ಇರಲಿ, ವಿದ್ಯುತ್ ಪ್ಯಾನೆಲ್ ಎತ್ತರದಲ್ಲಿರಲಿ. ಇಷ್ಟೇ.

ಈಗ ಲೆಕ್ಕ. ಒಂದು ಚದರ ಕಿಲೋಮೀಟರ್ ಜಾಗಕ್ಕೆ 100 ಮಿಲಿಮೀಟರ್ ಮಳೆ ಬಂದರೆ 10 ಕೋಟಿ ಲೀಟರ್ ನೀರು. ಗಂಟೆಗೆ 60 ಮಿಲಿಮೀಟರ್ ಹೊಡೆಯುವ ಮಳೆಯಲ್ಲಿ, ಹುಲ್ಲು ಮಣ್ಣು ಇರುವ ಒಂದು ಹೆಕ್ಟೇರಿನಿಂದ ಸೆಕೆಂಡಿಗೆ 50 ಲೀಟರ್ ತೋಡಿಗೆ ಇಳಿದರೆ, ಅದೇ ಜಾಗಕ್ಕೆ ಕಾಂಕ್ರೀಟು, ಇಂಟರ್‌ಲಾಕು ಹಾಕಿದ ಮೇಲೆ 130 ಲೀಟರ್ ದಾಟುತ್ತದೆ. ತೋಡು ಮಾತ್ರ ಅಷ್ಟೇ ಅಗಲ. ಇದಕ್ಕೆ ಕಡಲು ಏರುವುದನ್ನು ಸೇರಿಸಿ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1990ರ ದಶಕದಿಂದೀಚೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರಿನಂತೆ ಏರಿದೆ. ಮೂವತ್ತು ವರ್ಷಕ್ಕೆ 10 ಸೆಂಟಿಮೀಟರ್. ಅಷ್ಟೇನಾ ಎನ್ನುತ್ತಾರೆ ಕೆಲವರು. ಸಾವಿರಕ್ಕೆ ಒಂದರ ಇಳಿಜಾರಿರುವ ತೋಡಿನಲ್ಲಿ 10 ಸೆಂಟಿಮೀಟರ್ ಅಂದರೆ ಉಬ್ಬರದ ನೀರು ಇನ್ನೂ 100 ಮೀಟರ್ ಮೇಲಕ್ಕೆ ನಿಲ್ಲುತ್ತದೆ. ಬಾಗಿಲು ಮುಚ್ಚಿರುವ ಹೊತ್ತೂ ಉದ್ದವಾಗುತ್ತದೆ. ಮಂಗಳೂರಿಗೆ ಹವಾಮಾನ ಬದಲಾವಣೆ ಬರುವ ದಾರಿ ಇದು.

ಹಾಗಾಗಿ ನಮ್ಮ ಯೋಜನೆಯ ಮುಖ್ಯ ಮಾತು ನೀರನ್ನು ಬೇಗ ಸಾಗಿಸುವುದಲ್ಲ, ಮೂರು ನಾಲ್ಕು ಗಂಟೆ ಎಲ್ಲಾದರೂ ಕೂರಿಸುವುದು. ಮೇಲಿನ ಕಡೆ ಶಾಲೆಯ ಆಟದ ಮೈದಾನ, ಪಾರ್ಕು, ಹಳೇ ಕೆರೆ. ಇವುಗಳನ್ನು ಒಂದಡಿ ತಗ್ಗಿಸಿದರೂ ಸಾಕು, ಮಳೆ ಜೋರಾದಾಗ ನೀರು ನಿಂತು ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಕೆಳಗಿನ ಕಡೆ ತೋಡಿನ ಬಾಯಿಗೆ ಫ್ಲಾಪ್ ಗೇಟು (ತೋಡಿನ ನೀರನ್ನು ಹೊರಗೆ ಬಿಟ್ಟು, ಉಬ್ಬರದ ನೀರು ಒಳಗೆ ಬರದಂತೆ ತಾನೇ ಮುಚ್ಚಿಕೊಳ್ಳುವ ಬಾಗಿಲು), ಪಕ್ಕದಲ್ಲಿ ಕಟ್ಟಡ ಬರದಂತೆ ಉಳಿಸಿಕೊಂಡ ಜೌಗು. ಕರಾವಳಿಯಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಸಿಆರ್‌ಝಡ್ ನಿಯಮವೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಜಾಗ, ಉಬ್ಬರದ ನೀರು ಬಂದು ಹೋಗುವ ಜಾಗ ಯೋಜನೆಯ ಶತ್ರುವಲ್ಲ, ಅದು ಪುಕ್ಕಟೆ ಸಿಕ್ಕಿರುವ ಟ್ಯಾಂಕಿ.

ಸಭೆಗಳಲ್ಲಿ ಜಗಳ ಆದದ್ದು ತೋಡಿನ ತಳದ ಬಗ್ಗೆ. ಜನರಿಗೆ ಎರಡು ಬದಿ ಎತ್ತರದ ತಡೆಗೋಡೆ, ತಳಕ್ಕೆ ಕಾಂಕ್ರೀಟು ಬೇಕು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಬಿಲ್ಲೂ ಸಲೀಸು. ನಾನು ತಳಕ್ಕೆ ಬೇಡ ಎಂದು ಪಟ್ಟು ಹಿಡಿದೆ, ಈಗಲೂ ಹಿಡಿಯುತ್ತೇನೆ. ಯಾಕೆಂದರೆ ತಳಕ್ಕೆ ಕಾಂಕ್ರೀಟು ಹಾಕಿದರೆ ನೀರು ನೆಲಕ್ಕೆ ಇಂಗುವುದಿಲ್ಲ, ಇದೇ ಊರು ಮೇ ತಿಂಗಳಲ್ಲಿ ನೀರಿಗೆ ಬಾಯಿ ಬಿಡುತ್ತದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಮನೆಯ 100 ಚದರ ಮೀಟರ್ ಮಾಡಿನ (ಚಾವಣಿಯ) ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಮಳೆ ಬೀಳುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷ. ಅಷ್ಟನ್ನೂ ಟ್ಯಾಂಕಿಯಲ್ಲಿ ಇಡಲಾಗುವುದಿಲ್ಲ, ಸರಿ. ಬಾವಿಗೆ ಇಳಿಸಬಹುದಲ್ಲ? ಹಳ್ಳಿಗಳಲ್ಲಿ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡ ಕಟ್ಟ ಹಾಕುತ್ತಾರೆ, ಸುತ್ತಲಿನ ಬಾವಿಗಳಲ್ಲಿ ನೀರು ಉಳಿಯುತ್ತದೆ. ಉಬ್ಬರದ ಉಪ್ಪು ತಲುಪದ ಮೇಲಿನ ತೋಡುಗಳಲ್ಲಿ ಪೇಟೆಯಲ್ಲೂ ಅದನ್ನೇ ಮಾಡಬಹುದು, ಹಲಗೆ ಹಾಕಿ ತೆಗೆಯುವ ಸಣ್ಣ ಕಿಂಡಿ ಸಾಕು. ಆದರೆ ಅದಕ್ಕೆ ಮೊದಲು ತೋಡಿಗೆ ಬೀಳುವ ಕೊಳಚೆ ಪೈಪುಗಳು ನಿಲ್ಲಬೇಕು. ಇಲ್ಲದಿದ್ದರೆ ಬಾವಿಗೆ ಇಳಿಯುವುದು ಬೇರೆಯೇ.

ದಿನಾಂಕದ ವಿಷಯವೂ ಉಂಟು. ಹೂಳೆತ್ತುವ ಕೆಲಸವನ್ನು ಮೇ ಕೊನೆಗೆ ಮುಗಿಸುವುದು ರೂಢಿ. ಮಳೆಗಾಲ ಜೂನ್‌ಗೆ ಎಂಬ ಲೆಕ್ಕ. 2018ರಲ್ಲಿ ಊರು ಮುಳುಗಿದ್ದು ಮೇ 29ಕ್ಕೆ, ಕೇರಳಕ್ಕೆ ಮುಂಗಾರು ಬಂತೆಂದು ಘೋಷಣೆಯಾದ ದಿನವೇ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ತೌಕ್ತೆ ಚಂಡಮಾರುತ ಬಂದದ್ದೂ ಮೇ ತಿಂಗಳಲ್ಲೇ, 2021ರಲ್ಲಿ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಮುಂಗಾರಿಗೆ ಮೊದಲಿನ ಚಂಡಮಾರುತಗಳು ಈಗ ಅಪರೂಪವಲ್ಲ. ಹಾಗಾಗಿ ಹೂಳೆತ್ತುವ ಟೆಂಡರು ಜನವರಿಯಲ್ಲಿ ಕರೆದು ಏಪ್ರಿಲ್ ಕೊನೆಗೆ ಮುಗಿಸಬೇಕು ಎಂದು ಬರೆದೆವು. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ. ಆದರೂ ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಎತ್ತಿದ ಹೂಳನ್ನು ದಂಡೆಯ ಮೇಲೇ ಬಿಡಬಾರದು ಎಂಬ ಸಾಲನ್ನೂ ಸೇರಿಸಿ. ಮೊದಲ ಮಳೆಗೆ ಅದು ವಾಪಸ್ ಒಳಗೇ ಹೋಗುತ್ತದೆ.

ಕಡಲ್ಕೊರೆತ ನಮ್ಮ ಕೆಲಸದ ವ್ಯಾಪ್ತಿಯಲ್ಲಿರಲಿಲ್ಲ, ಆದರೆ ಬಿಟ್ಟು ಯೋಚಿಸಲಾಗುವುದಿಲ್ಲ. ಅಳಿವೆಯ ಬಾಯಿಯಲ್ಲಿ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಗೋಡೆ) ಬಂದ ಮೇಲೆ ಬೆಂಗ್ರೆ ಕಡೆ ಮರಳು ಕೂಡುತ್ತದೆ, ಉಳ್ಳಾಲದ ಕಡೆ ಕಡಲು ಮನೆಗಳ ತನಕ ಬರುತ್ತದೆ. ಉಳ್ಳಾಲದಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ದಡದಿಂದ ದೂರ ನೀರಿನೊಳಗೆ ರೀಫ್ ಕಟ್ಟಿ ಅಲೆಯ ಜೋರು ಮುರಿಯುವ ದಾರಿ ಹಿಡಿದರು. ವರ್ಷವರ್ಷವೂ ಲಾರಿಗಟ್ಟಲೆ ಕಲ್ಲು ಸುರಿಯುವುದಕ್ಕಿಂತ ಆ ಆಲೋಚನೆ ಸರಿ ಎಂದೇ ನನಗೆ ಅನಿಸುತ್ತದೆ. ಕಸದ ಕತೆಯೂ ಹೀಗೇ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳ ಮೇಲೆ ಹೋಯಿತು. ಕಸ ಬೇರೆ ಇಲಾಖೆ, ಮಳೆ ಬೇರೆ ಇಲಾಖೆ ಎಂದರೆ ಹೇಗೆ?

ಕೊನೆಗೆ ಎಲ್ಲವೂ ನಿಲ್ಲುವುದು ನಿರ್ವಹಣೆಯ ದುಡ್ಡಿನ ಮೇಲೆ. ಗೇಟು ಕೂರಿಸಲು ಅನುದಾನ ಸಿಗುತ್ತದೆ, ಫೋಟೋ ಬರುತ್ತದೆ. ಗೇಟಿನ ಸಂದಿಗೆ ಒಂದು ತೆಂಗಿನ ಗರಿ, ನಾಲ್ಕು ಬಾಟಲಿ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಉಪ್ಪುಗಾಳಿಗೆ ಕೀಲು ತುಕ್ಕು ಹಿಡಿದರೆ ತೆರೆಯುವುದೂ ಇಲ್ಲ. ನಾವು ಪ್ರತಿ ಗೇಟಿಗೂ ಒಬ್ಬ ಜವಾಬ್ದಾರನ ಹೆಸರು, ಹುಣ್ಣಿಮೆ ಅಮಾವಾಸ್ಯೆಯ ಹಿಂದಿನ ದಿನ ಹೋಗಿ ನೋಡುವ ನಿಯಮ, ಕಬ್ಬಿಣದ ಕೀಲಿನ ಬದಲು ಸ್ಟೇನ್‌ಲೆಸ್ ಸ್ಟೀಲು, ವರ್ಷದ ಖರ್ಚಿಗೆ ಬೇರೆಯೇ ಸಾಲು ಬರೆದುಕೊಟ್ಟೆವು. ವಾರ್ಡ್ ಸಮಿತಿಯವರು ಅಂದಾಜು ಪಟ್ಟಿ ಕೈಗೆ ಬಂದಾಗ ಮೊದಲು ಆ ಸಾಲು ಇದೆಯಾ ಎಂದು ನೋಡಲಿ. ಇಲ್ಲದಿದ್ದರೆ ಗೇಟೇ ಬೇಡ, ಆ ದುಡ್ಡಿಗೆ ಮೇಲಿನ ಮೈದಾನವನ್ನೇ ಇನ್ನೂ ಅರ್ಧ ಅಡಿ ತಗ್ಗಿಸಿ ಎಂದು ಕೇಳುವುದು ವಾಸಿ.