ಬಿಟ್ಟ ಸ್ಥಳಕ್ಕೆ ಯಾವ ಟೆನ್ಸ್? ಮೊದಲು ಕಾಲದ ಸುಳಿವು ಹುಡುಕಿ

ಇಂಗ್ಲಿಷ್‌ನ 12 ಟೆನ್ಸ್‌ಗಳ ಚಾರ್ಟ್ ಬಾಯಿಪಾಠ ಮಾಡಿದವರೂ ಬಿಟ್ಟ ಸ್ಥಳ ತುಂಬುವಾಗ ತಡವರಿಸುತ್ತಾರೆ. ಕಾರಣ ಇಷ್ಟೇ: ಕಣ್ಣು ಸೀದಾ ಕಂಸದಲ್ಲಿರುವ ಕ್ರಿಯಾಪದಕ್ಕೆ ಹೋಗುತ್ತದೆ. ಸುಳಿವು ಇರುವುದು ಉಳಿದ ವಾಕ್ಯದಲ್ಲಿ. ಅದನ್ನು ಪೂರ್ತಿ ಓದಿ, ಕಾಲ ತಿಳಿಸುವ ಪದದ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ.

'ಯೆಸ್ಟರ್‌ಡೇ', 'ಲಾಸ್ಟ್ ವೀಕ್', 'ಟೂ ಡೇಸ್ ಅಗೋ' ಸಿಕ್ಕರೆ ಸಿಂಪಲ್ ಪಾಸ್ಟ್. 'ಯೂಶುವಲಿ' ಇದ್ದರೆ ಸಾಮಾನ್ಯವಾಗಿ ಸಿಂಪಲ್ ಪ್ರೆಸೆಂಟ್. 'ಹಿ', 'ಶಿ' ಬಂದರೆ ಕೊನೆಗೆ 'ಎಸ್' ಮರೆಯಬೇಡಿ. 'ನೌ' ಇದ್ದರೆ 'ಐಎನ್‌ಜಿ' ರೂಪ. ಆದರೆ 'ನೋ' (ತಿಳಿದಿರು), 'ಬಿಲಾಂಗ್' (ಸೇರಿರು) ಥರದ ಪದಗಳಿಗೆ ಅದು ಒಗ್ಗುವುದಿಲ್ಲ. 'ಐ ಆಮ್ ನೋಯಿಂಗ್ ಹಿಮ್' ಅಂತ ಬರೆದರೆ ಮಾರ್ಕ್ಸ್ ಹೋಯಿತು.

ನಮ್ಮವರು ಜಾಸ್ತಿ ಎಡವುವುದು 'ಸಿನ್ಸ್' ಬಂದಾಗ. 'ಶಿ ___ (ವರ್ಕ್) ಹಿಯರ್ ಸಿನ್ಸ್ 2015.' ಕನ್ನಡದಲ್ಲಿ '2015ರಿಂದ ಇಲ್ಲೇ ಕೆಲಸ ಮಾಡುತ್ತಿದ್ದಾಳೆ' ಅಂತೀವಿ, ಅಲ್ವಾ? ಅದೇ ಗುಂಗಿನಲ್ಲಿ 'ಈಸ್ ವರ್ಕಿಂಗ್' ಅಂತ ಬರೆದುಬಿಡುತ್ತೇವೆ. ಹಿಂದೆ ಶುರುವಾದದ್ದು ಈಗಲೂ ನಡೆಯುತ್ತಿದ್ದರೆ ಇಂಗ್ಲಿಷ್‌ಗೆ 'ಹ್ಯಾಸ್ ವರ್ಕ್ಡ್' ಅಥವಾ 'ಹ್ಯಾಸ್ ಬೀನ್ ವರ್ಕಿಂಗ್' ಬೇಕು. 'ಫಾರ್ ಟೆನ್ ಇಯರ್ಸ್' ಕಂಡಾಗ ಮಾತ್ರ ಆತುರ ಬೇಡ. ಅವಳು ಆ ಕೆಲಸ ಬಿಟ್ಟಾಗಿದೆ ಎಂಬ ಸುಳಿವಿದ್ದರೆ 'ವರ್ಕ್ಡ್' ಸಾಕು.

ಮುಗಿದುಹೋದ ಎರಡು ಘಟನೆ ಇದ್ದರೆ ಯಾವುದು ಮೊದಲಾಯಿತು ನೋಡಿ. 'ಬೈ ದ ಟೈಮ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೈನ್ ___ (ಲೀವ್).' ನಾವು ತಲುಪುವ ಮೊದಲೇ ರೈಲು ಹೊರಟಿತ್ತು, ಹಾಗಾಗಿ 'ಹ್ಯಾಡ್ ಲೆಫ್ಟ್'. ಕೆಲವರು ಎರಡೂ ಕಡೆ 'ಹ್ಯಾಡ್' ಹಾಕುತ್ತಾರೆ. ಮೊದಲು ನಡೆದದ್ದಕ್ಕೆ ಮಾತ್ರ ಹಾಕಿ.

ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಪ್ರಿಯವಾದ ಬಲೆ ಇನ್ನೊಂದಿದೆ. 'ಐ ವಿಲ್ ಕಾಲ್ ಯು ವೆನ್ ಐ ___ (ರೀಚ್) ಮೈಸೂರು.' ತಲುಪುವುದು ನಾಳೆಯೇ ಇರಬಹುದು, ಆದರೂ ಉತ್ತರ 'ರೀಚ್'. ಮುಂದಿನ ಮಾತಾಡುವಾಗ ಹೀಗೆ 'ವೆನ್', 'ಅಂಟಿಲ್', 'ಆಫ್ಟರ್' ಶುರುಮಾಡುವ ತುಂಡಿನಲ್ಲಿ 'ವಿಲ್' ಬರುವುದಿಲ್ಲ. ಷರತ್ತು ಹೇಳುವ 'ಇಫ್' ಬಂದರೂ ಸಾಮಾನ್ಯವಾಗಿ ಇದೇ ಲೆಕ್ಕ.

ಕಾಲದ ಪದವೇ ಇಲ್ಲದಿದ್ದರೆ? ಪಕ್ಕದ ಕ್ರಿಯಾಪದ ನೋಡಿ. 'ಹಿ ಓಪನ್ಡ್ ದ ಡೋರ್ ಅಂಡ್ ___ (ಸೀ) ಎ ಸ್ನೇಕ್.' ಬಾಗಿಲು ತೆರೆದದ್ದು ಪಾಸ್ಟ್, ಹಾವು ಕಂಡದ್ದೂ ಪಾಸ್ಟ್. ಉತ್ತರ 'ಸಾ'. ಸುಮ್ನೆ ಕೊನೆಗೆ 'ಇಡಿ' ಅಂಟಿಸಿ 'ಸೀಡ್' ಮಾಡಬೇಡಿ!