ಬೆಣ್ಣೆ ತೆಗೆದ ಮಜ್ಜಿಗೆ ಚೆಲ್ಲಬೇಡಿ

ನಮ್ಮ ಹಾಸನದ ಕಡೆ ಈಗಲೂ ಎಷ್ಟೋ ಮನೆಗಳಲ್ಲಿ ಕೆನೆ ಕೂಡಿಟ್ಟು, ಹೆಪ್ಪು ಹಾಕಿ ಬೆಣ್ಣೆ ಕಡೆಯುತ್ತಾರೆ. ಉಳಿದ ಮಜ್ಜಿಗೆಯನ್ನು ಸುಮ್ನೆ ಗಿಡಕ್ಕೆ ಸುರಿಯಬೇಡಿ. ಹಾಲಿನ ಕೊಬ್ಬಿನ ಸಣ್ಣ ಹನಿಗಳ ಸುತ್ತ ತೆಳುವಾದ ಪೊರೆ ಇರುತ್ತದೆ. ಕಡೆದಾಗ ಅದು ಒಡೆದು ಬಹುಪಾಲು ಮಜ್ಜಿಗೆಗೇ ಸೇರುತ್ತದೆ. ಕರುಳಿನ ಒಳಪದರಕ್ಕೆ ಒಳ್ಳೆಯದಾ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿರುವುದು ಈ ಪೊರೆಯನ್ನೇ.

ತುಪ್ಪದಲ್ಲಿ ಬ್ಯುಟಿರಿಕ್ ಆಮ್ಲ (ಒಂದು ಬಗೆಯ ಕೊಬ್ಬಿನಾಮ್ಲ) ಇದೆ, ಕರುಳಿನ ಉರಿಯೂತ ಹೋಗುತ್ತೆ ಅಂತ ಚಮಚಗಟ್ಟಲೆ ತಿನ್ನುವವರೂ ಇದ್ದಾರೆ ಅಲ್ವಾ? ಇರುವುದು ನಿಜ, ಹಾಲಿನ ಕೊಬ್ಬಿನಲ್ಲಿ ಶೇಕಡಾ 3-4ರಷ್ಟು. ಆದರೆ ದೊಡ್ಡ ಕರುಳು ತಲುಪುವ ಮೊದಲೇ ಹೆಚ್ಚಿನದು ರಕ್ತಕ್ಕೆ ಸೇರಿಬಿಡುತ್ತದೆ. ದೊಡ್ಡ ಕರುಳಿನಲ್ಲಿ ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ, ನಾರಿನಂಶದಿಂದ. ಹಾಗಾಗಿ ರಾಗಿ ಮುದ್ದೆ, ಹುರುಳಿಕಾಳು ಬಿಡಬೇಡಿ. ತುಪ್ಪ ರುಚಿಗೆ ಒಂದು ಚಮಚ ಸಾಕು.