ಶ್ರುತಿ ನಿಲ್ಲುವ ಆಸಿಲೇಟರ್: ಮಾಡ್ಯುಲರ್ ಸಿಂಥಸೈಜರ್‌ಗಾಗಿ ನಾನು ಕಟ್ಟಿದ ಮಾಡ್ಯೂಲ್

ಮಾಡ್ಯುಲರ್ ಸಿಂಥಸೈಜರ್ ಎಂದರೆ ಬಿಡಿ ಮಾಡ್ಯೂಲುಗಳನ್ನು ತಂತಿಗಳಿಂದ ಜೋಡಿಸಿ ನುಡಿಸುವ ವಿದ್ಯುನ್ಮಾನ ವಾದ್ಯ; ಅದರಲ್ಲಿ ಸ್ವರದ ಅಲೆಯನ್ನು ಹುಟ್ಟಿಸುವ ಭಾಗವೇ ಆಸಿಲೇಟರ್. ವೋಲ್ಟೇಜಿನ ಅಂಕೆಯಲ್ಲಿ ನಡೆಯುವ ಆಸಿಲೇಟರ್ ಒಂದನ್ನು ಕಟ್ಟಲು ಹೊರಟವರಿಗೆ ಧ್ವನಿ ಹೊರಡಿಸುವುದು ದೊಡ್ಡ ಕೆಲಸವಲ್ಲ. ಒಂದು ಕೆಪ್ಯಾಸಿಟರ್, ಒಂದು ರೆಸಿಸ್ಟರ್ ಮತ್ತು 40106 ಐಸಿಯಲ್ಲಿರುವ, ಎರಡು ಮಟ್ಟಗಳ ನಡುವೆ ಹೊರಳುವ ಸ್ವಿಚ್ಚಿನಂತಹ ಆರು ಸ್ಮಿಟ್ ಟ್ರಿಗರ್‌ಗಳಲ್ಲಿ ಒಂದು ಇದ್ದರೆ ಬ್ರೆಡ್‌ಬೋರ್ಡಿನ ಮೇಲೆ ಚೌಕ ಅಲೆ ಹುಟ್ಟುತ್ತದೆ. ಕಷ್ಟವಿರುವುದು ಆ ಧ್ವನಿಯನ್ನು ಶ್ರುತಿಯಲ್ಲಿ ನಿಲ್ಲಿಸುವುದರಲ್ಲಿ. ಒಂದು ವೋಲ್ಟ್ ಏರಿಸಿದರೆ ಸರಿಯಾಗಿ ಒಂದು ಸ್ಥಾಯಿ ಏರಬೇಕು, ಐದಾರು ಸ್ಥಾಯಿಗಳ ಉದ್ದಕ್ಕೂ ಹಾಗೆಯೇ ಏರಬೇಕು, ಕೋಣೆ ಬಿಸಿಯಾದರೂ ತಣ್ಣಗಾದರೂ ಆ ಲೆಕ್ಕ ತಪ್ಪಬಾರದು. ನನ್ನ ಮಾಡ್ಯೂಲಿನ ವಿನ್ಯಾಸದಲ್ಲಿ ಬಹುಪಾಲು ಶ್ರಮ ಹೋದದ್ದು ಅಲೆಯ ಆಕಾರಕ್ಕಲ್ಲ, ಉಷ್ಣತೆಯನ್ನು ಗೆಲ್ಲುವುದಕ್ಕೆ. ಆದ್ದರಿಂದ ಈ ಬರಹದಲ್ಲಿಯೂ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಒಂದು ಸ್ಥಾಯಿಗೆ ಒಂದು ವೋಲ್ಟ್ ಎಂಬ ಪದ್ಧತಿ 1960ರ ದಶಕದಲ್ಲಿ ರಾಬರ್ಟ್ ಮೋಗ್ ಅವರ ವಾದ್ಯಗಳಿಂದ ನೆಲೆಗೊಂಡಿತು. ಡಾನ್ ಬುಕ್ಲಾ ತಮ್ಮ ವಾದ್ಯಗಳಲ್ಲಿ ಸ್ಥಾಯಿಗೆ 1.2 ವೋಲ್ಟ್ ಇಟ್ಟರು. ಕೊರ್ಗ್ ಎಂಎಸ್-20ರಂತಹ ವಾದ್ಯಗಳು ವೋಲ್ಟೇಜಿಗೂ ಹರ್ಟ್ಸ್‌ಗೂ ನೇರ ಅನುಪಾತವನ್ನು ಇಟ್ಟುಕೊಂಡವು. ಈಗ ಹೆಚ್ಚು ಬಳಕೆಯಲ್ಲಿರುವ ಯುರೋರ್‍ಯಾಕ್ ಎಂಬ ಅಳತೆಯ ಮಾಡ್ಯೂಲುಗಳು ಮೋಗ್ ಪದ್ಧತಿಯನ್ನೇ ಅನುಸರಿಸುವುದರಿಂದ ನಾನೂ ಅದನ್ನೇ ಹಿಡಿದೆ. ಈ ಪದ್ಧತಿಯ ದೊಡ್ಡ ಗುಣವೆಂದರೆ, ಎರಡು ವೋಲ್ಟೇಜುಗಳನ್ನು ಕೂಡಿಸಿದರೆ ಸಾಕು, ಇಡೀ ರಾಗವೇ ಬೇರೊಂದು ಶ್ರುತಿಗೆ ಏರುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಅರ್ಧಸ್ವರವೊಂದಕ್ಕೆ ಸಿಗುವುದು 83.3 ಮಿಲಿವೋಲ್ಟ್, ಅದರ ನೂರನೆಯ ಒಂದು ಭಾಗವಾದ ಸೆಂಟ್‌ಗೆ 0.83 ಮಿಲಿವೋಲ್ಟ್ ಮಾತ್ರ. ಮುಂದಿನ ಎಲ್ಲ ನಿರ್ಧಾರಗಳನ್ನೂ ನಾನು ಈ 0.83 ಮಿಲಿವೋಲ್ಟಿನ ಅಳತೆಗೋಲಿನಿಂದಲೇ ತೂಗಿ ನೋಡಿದೆ.

ಡಗ್ ಕರ್ಟಿಸ್ ರೂಪಿಸಿದ ಸಿಇಎಂ3340 ಐಸಿಯಲ್ಲಿ ಇಡೀ ಆಸಿಲೇಟರ್, ಉಷ್ಣತೆಯ ಪರಿಹಾರವೂ ಸೇರಿ, ಒಂದೇ ಚಿಪ್ಪಿನೊಳಗಿದೆ. ಪ್ರಾಫೆಟ್-5 ಸಿಂಥಸೈಜರಿನ ಮೂರನೆಯ ಆವೃತ್ತಿಯಲ್ಲಿಯೂ ರೋಲ್ಯಾಂಡ್ ಎಸ್‌ಎಚ್-101ರಲ್ಲಿಯೂ ಅದೇ ಇದ್ದಿತು, ಅದರ ಮಾದರಿಯ ಹೊಸ ಚಿಪ್ಪುಗಳು ಇಂದಿಗೂ ಸಿಗುತ್ತವೆ. ನುಡಿಸಲು ಬೇಗನೆ ಒಂದು ವಾದ್ಯ ಬೇಕೆನ್ನುವವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ನನಗೆ ಬೇಕಾಗಿದ್ದದ್ದು ಬೇರೆ: ಶ್ರುತಿ ಎಲ್ಲಿ ಎಷ್ಟು ಜಾರುತ್ತದೆ, ಯಾವ ಭಾಗದಿಂದ ಜಾರುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ಅಳೆಯಬೇಕೆಂಬ ಆಸೆ. ಅದಕ್ಕಾಗಿ ಟ್ರಾನ್ಸಿಸ್ಟರ್ ಜೋಡಿ, ವೋಲ್ಟೇಜುಗಳನ್ನು ಹಿಗ್ಗಿಸುವ, ಕೂಡಿಸುವ ಆಪ್‌ಆಂಪ್ ಮತ್ತು ಎರಡು ವೋಲ್ಟೇಜುಗಳನ್ನು ಹೋಲಿಸುವ ಕಂಪೇರೇಟರ್‌ಗಳಿಂದಲೇ ಮಾಡ್ಯೂಲನ್ನು ಕಟ್ಟಿದೆ.

ಎಲ್ಲಕ್ಕೂ ಮೂಲವಾದದ್ದು ಘಾತೀಯ ಪರಿವರ್ತಕ, ಅಂದರೆ ಸಮನಾಗಿ ಏರುವ ವೋಲ್ಟೇಜನ್ನು ಪ್ರತಿ ಹೆಜ್ಜೆಗೂ ಇಮ್ಮಡಿಯಾಗುವ ವಿದ್ಯುತ್ ಪ್ರವಾಹವನ್ನಾಗಿ ಮಾಡುವ ಭಾಗ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜಿಗೂ ಕಲೆಕ್ಟರಿನ ಪ್ರವಾಹಕ್ಕೂ ಸಹಜವಾಗಿಯೇ ಈ ಸಂಬಂಧವಿದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17.9 ಮಿಲಿವೋಲ್ಟ್ ಹೆಚ್ಚಾದರೆ ಪ್ರವಾಹ ಎರಡು ಪಟ್ಟಾಗುತ್ತದೆ. ಹೊರಗಿನಿಂದ ಬರುವ ಒಂದು ವೋಲ್ಟನ್ನು ಈ ಪುಟ್ಟ ವೋಲ್ಟೇಜಿಗೆ ಇಳಿಸಲು ಸುಮಾರು 55.8ರಿಂದ ಭಾಗಿಸಬೇಕು. ನನ್ನ ಸರ್ಕ್ಯೂಟಿನಲ್ಲಿ 100 ಕಿಲೋಓಮ್ ರೆಸಿಸ್ಟರ್‌ಗಳಿರುವ ಆಪ್‌ಆಂಪ್ ಮೊದಲು ಎಲ್ಲ ವೋಲ್ಟೇಜುಗಳನ್ನೂ ಕೂಡಿಸುತ್ತದೆ. ಅದರ ಮುಂದೆ, ಕೆಳಭಾಗದಲ್ಲಿ 1 ಕಿಲೋಓಮ್, ಮೇಲೆ 51 ಕಿಲೋಓಮ್ ಮತ್ತು 10 ಕಿಲೋಓಮಿನ ಬಹುಸುತ್ತಿನ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇರುವ, ವೋಲ್ಟೇಜನ್ನು ಭಾಗಿಸುವ ವಿಭಾಜಕವಿದೆ. ಸರಿಯಾದ ಬಿಂದು ಟ್ರಿಮ್ಮರಿನ ಹರವಿನೊಳಗೆ ನೆಮ್ಮದಿಯಾಗಿ ಸಿಗುತ್ತದೆ.

ಇಲ್ಲಿಯೇ ಉಷ್ಣತೆ ಎರಡು ಬಗೆಯಲ್ಲಿ ಅಡ್ಡ ಬರುತ್ತದೆ. ಮೊದಲನೆಯದಾಗಿ, ಬಿಡಿ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಕುಸಿಯುತ್ತದೆ. ಸ್ಥಾಯಿಗೆ 17.9 ಮಿಲಿವೋಲ್ಟ್ ಇರುವ ಕಡೆ 2 ಮಿಲಿವೋಲ್ಟ್ ಎಂದರೆ ಸುಮಾರು 134 ಸೆಂಟ್, ಒಂದು ಅರ್ಧಸ್ವರಕ್ಕಿಂತಲೂ ಹೆಚ್ಚು. ಎರಡು ಟ್ರಾನ್ಸಿಸ್ಟರ್‌ಗಳ ಎಮಿಟರ್‌ಗಳನ್ನು ಜೋಡಿಸಿ, ಒಂದರಲ್ಲಿ ಆಪ್‌ಆಂಪ್ ಮೂಲಕ ಸ್ಥಿರವಾದ ಪ್ರವಾಹವನ್ನು ಹರಿಸಿ, ಇನ್ನೊಂದರಿಂದ ಬೇಕಾದ ಪ್ರವಾಹವನ್ನು ಪಡೆದರೆ ಈ ಕುಸಿತ ಎರಡರಲ್ಲಿಯೂ ಒಂದೇ ಆಗಿ ಪರಸ್ಪರ ಕಳೆದುಹೋಗುತ್ತದೆ. ಆದರೆ ಹಾಗಾಗಬೇಕಾದರೆ ಎರಡೂ ಒಂದೇ ಉಷ್ಣತೆಯಲ್ಲಿರಬೇಕು. ಅವುಗಳ ನಡುವೆ ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಅಂತರವಿದ್ದರೂ 13 ಸೆಂಟ್ ಜಾರುತ್ತದೆ, ಅದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ.

ಈ ಜೋಡಿಯನ್ನು ಆರಿಸುವಾಗ ಹಲವರು ಹತ್ತಾರು ಟ್ರಾನ್ಸಿಸ್ಟರ್‌ಗಳನ್ನು ಅಳೆದು ಮಿಲಿವೋಲ್ಟಿನ ಭಾಗದಷ್ಟು ಹೊಂದುವ ಎರಡನ್ನು ಹುಡುಕುತ್ತಾರೆ. ಆ ಹೊಂದಿಕೆಗಿಂತ ಎರಡರ ನಡುವಿನ ಉಷ್ಣಸಂಪರ್ಕವೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಸ್ಥಿರವಾಗಿ ಉಳಿಯುವ ವ್ಯತ್ಯಾಸವು ಒಟ್ಟು ಶ್ರುತಿಯನ್ನು ಸ್ವಲ್ಪ ಸರಿಸುತ್ತದೆ ಅಷ್ಟೆ, ಅದನ್ನು ಮುಂಭಾಗದ ಗುಬ್ಬಿಯೇ (ಶ್ರುತಿಗಾಗಿ ತಿರುಗಿಸುವ ಗುಂಡಿಯೇ) ಸರಿಪಡಿಸುತ್ತದೆ. ಉಷ್ಣತೆಯ ವ್ಯತ್ಯಾಸವಾದರೋ ಗಾಳಿ ಬೀಸಿದಂತೆಲ್ಲ ಬದಲಾಗುತ್ತಿರುತ್ತದೆ, ಅದನ್ನು ಯಾವ ಗುಬ್ಬಿಯೂ ಸರಿಪಡಿಸದು. ಬ್ರೆಡ್‌ಬೋರ್ಡಿನ ಹಂತದಲ್ಲಿ ನಾನು ಎರಡು ಬಿಸಿ547 ಟ್ರಾನ್ಸಿಸ್ಟರ್‌ಗಳ ಚಪ್ಪಟೆ ಮುಖಗಳನ್ನು ಉಷ್ಣವಾಹಕ ಪೇಸ್ಟ್ ಹಚ್ಚಿ ಒಂದಕ್ಕೊಂದು ಅಂಟಿಸಿ, ಮೇಲೆ ಹೀಟ್‌ಶ್ರಿಂಕ್ ಕೊಳವೆ ತೊಡಿಸಿದ್ದೆ. ಅಂತಿಮ ಬೋರ್ಡಿನಲ್ಲಿ ಒಂದೇ ಸಿಲಿಕಾನ್ ಚೂರಿನ ಮೇಲೆ ಎರಡು ಟ್ರಾನ್ಸಿಸ್ಟರ್‌ಗಳಿರುವ ಎಸ್‌ಎಸ್‌ಎಂ2212 ಬಳಸಿದೆ. ಹಾಗೆ ಒಂದೇ ಚೂರಿನಲ್ಲಿರುವ ಜೋಡಿಯ ಮೇಲೆ ಬೆರಳಿಟ್ಟರೂ ಶ್ರುತಿ ಅಲುಗುವುದು ಬಹಳ ಕಡಿಮೆ.

ಎರಡನೆಯ ಅಡ್ಡಿ ಜೋಡಿಯಿಂದ ಪರಿಹಾರವಾಗುವುದಿಲ್ಲ. ಆ 17.9 ಮಿಲಿವೋಲ್ಟ್ ಎಂಬ ಸಂಖ್ಯೆಯೇ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿದ್ದು, 300 ಕೆಲ್ವಿನ್‌ನ ಆಸುಪಾಸಿನಲ್ಲಿ ಪ್ರತಿ ಡಿಗ್ರಿಗೆ ಮುನ್ನೂರರಲ್ಲಿ ಒಂದು ಪಾಲು, ಅಂದರೆ ಹತ್ತು ಲಕ್ಷಕ್ಕೆ ಸುಮಾರು 3300 ಪಾಲು ಹೆಚ್ಚುತ್ತದೆ. ಸ್ಥಿರ ಪ್ರವಾಹಕ್ಕೆ ಹೊಂದುವ ಸ್ವರದಲ್ಲಿ ಇದರ ಪರಿಣಾಮವೇ ಇಲ್ಲ, ಅಲ್ಲಿಂದ ದೂರ ಹೋದಷ್ಟೂ ಬೆಳೆಯುತ್ತದೆ. ಮೂರು ಸ್ಥಾಯಿ ದೂರದಲ್ಲಿ ಒಂದು ಡಿಗ್ರಿಗೆ 12 ಸೆಂಟ್. ಇದಕ್ಕೆ ಮದ್ದು, ವಿಭಾಜಕದ ಕೆಳಭಾಗದ 1 ಕಿಲೋಓಮ್ ರೆಸಿಸ್ಟರ್ ಕೂಡ ಉಷ್ಣತೆಯೊಂದಿಗೆ ಅದೇ ಪ್ರಮಾಣದಲ್ಲಿ ಹೆಚ್ಚುವಂತೆ ಮಾಡುವುದು. ಟೆಂಪ್ಕೋ ಎಂದು ಕರೆಯುವ ಈ ರೆಸಿಸ್ಟರ್ ಸಾಮಾನ್ಯ ರೆಸಿಸ್ಟರಿಗಿಂತ ಬಹಳ ದುಬಾರಿ, ಆದರೂ ಇಲ್ಲಿ ಉಳಿತಾಯ ಸಲ್ಲದು. ಅದನ್ನು ಟ್ರಾನ್ಸಿಸ್ಟರ್ ಜೋಡಿಯ ಮೈಗೆ ತಾಗಿಸಿ ಪೇಸ್ಟ್ ಹಚ್ಚಿದೆ, ಇಡೀ ಗುಂಪನ್ನು ವಿದ್ಯುತ್ ಪೂರೈಕೆಯ ಭಾಗಗಳಿಂದ ದೂರವಾಗಿ ಬೋರ್ಡಿನ ಕೆಳತುದಿಯಲ್ಲಿ ಇರಿಸಿದೆ. ಸ್ಥಿರ ಪ್ರವಾಹವನ್ನು 5 ಮೈಕ್ರೋಆಂಪಿಯರ್ ಎಂದು ಆರಿಸಿದ್ದೂ ಇದೇ ಕಾರಣಕ್ಕೆ. ಅದು ಸುಮಾರು 1000 ಹರ್ಟ್ಸ್‌ಗೆ ಹೊಂದುತ್ತದೆ, ಉಳಿಯಬಹುದಾದ ಸಣ್ಣ ದೋಷ ಎರಡು ಬದಿಗೂ ಹಂಚಿಹೋಗುತ್ತದೆ. ಈ ಪ್ರವಾಹವನ್ನು 12 ವೋಲ್ಟ್ ಪೂರೈಕೆಯಿಂದ ನೇರವಾಗಿ ತೆಗೆದುಕೊಳ್ಳಲಿಲ್ಲ. ಪಕ್ಕದ ಮಾಡ್ಯೂಲಿನ ದೀಪ ಮಿನುಗಿದರೂ ಪೂರೈಕೆಯ ವೋಲ್ಟೇಜು ಅಲುಗುತ್ತದೆ. ಅದಕ್ಕಾಗಿ 10 ವೋಲ್ಟಿನ ಎಲ್‌ಎಂ4040 ಆಧಾರ ಐಸಿಯಿಂದ 2 ಮೆಗಾಓಮ್ ಮೂಲಕ ಪಡೆದೆ.

ಹೀಗೆ ಸಿದ್ಧವಾದ ಪ್ರವಾಹ ಹೋಗುವುದು ಗರಗಸದ ಅಲೆಯನ್ನು ಹುಟ್ಟಿಸುವ ತಿರುಳಿಗೆ. ಅದರ ಕೆಲಸ ತುಂಬಿದ ಕೂಡಲೇ ಬರಿದಾಗುವ ಕೊಡದಂತೆ: ಟಿಎಲ್072 ಆಪ್‌ಆಂಪಿನ ಸುತ್ತ ಇರುವ 1 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಸಮವೇಗದಲ್ಲಿ ತುಂಬುತ್ತದೆ, 5 ವೋಲ್ಟ್ ಮುಟ್ಟಿದೊಡನೆ ಎಲ್‌ಎಂ311 ಕಂಪೇರೇಟರ್ ಎಚ್ಚೆತ್ತು ಸ್ವಿಚ್ಚಿನಂತೆ ಬಳಸಿದ ಜೆ113 ಎಂಬ ಜೆಫೆಟ್ ಟ್ರಾನ್ಸಿಸ್ಟರನ್ನು ಪ್ರವಾಹ ಹರಿಯುವಂತೆ ತೆರೆದು ಅದನ್ನು ಖಾಲಿ ಮಾಡುತ್ತದೆ. ಕೆಪ್ಯಾಸಿಟರ್ ಪೂರ್ತಿ ಬರಿದಾಗುವ ಮೊದಲೇ ಕಂಪೇರೇಟರ್ ಹಿಂದಿನ ಸ್ಥಿತಿಗೆ ಮರಳದಂತೆ, ಅದರ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಪುಟ್ಟ ಕೆಪ್ಯಾಸಿಟರ್ ಮೂಲಕ ಬೆಂಬಲ ಕೊಟ್ಟೆ. ತುಂಬಿ ಬರಿದಾಗುವ 1 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಸಿ0ಜಿ ಎಂಬ ಸೆರಾಮಿಕ್ ಬಗೆಯದೇ ಆಗಿರಬೇಕು. ಅದು ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಪಾಲಿಗಿಂತ ಹೆಚ್ಚು ಬದಲಾಗುವುದಿಲ್ಲ, ಹತ್ತು ಡಿಗ್ರಿ ಏರಿದರೂ ಅರ್ಧ ಸೆಂಟ್ ಮಾತ್ರ. ಎಕ್ಸ್7ಆರ್ ಬಗೆಯ ಸೆರಾಮಿಕ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಸಾಮರ್ಥ್ಯ ವೋಲ್ಟೇಜಿನೊಂದಿಗೇ ಬದಲಾಗುತ್ತದೆ.

ಈ ತಿರುಳಿನಲ್ಲಿ ಕೆಳಸ್ವರಗಳಿಗೂ ಮೇಲುಸ್ವರಗಳಿಗೂ ಬೇರೆಬೇರೆ ಶತ್ರುಗಳು. 20 ಹರ್ಟ್ಸ್‌ನಲ್ಲಿ ಕೆಪ್ಯಾಸಿಟರನ್ನು ತುಂಬುವ ಪ್ರವಾಹ 0.1 ಮೈಕ್ರೋಆಂಪಿಯರ್ ಮಾತ್ರ. ಬೆಸುಗೆಯಿಂದ ಉಳಿದ ಫ್ಲಕ್ಸ್ ಮೇಲೆ ತೇವ ಕೂತು ಅದರಲ್ಲಿ ನೂರನೆಯ ಒಂದು ಭಾಗ ಸೋರಿದರೂ 17 ಸೆಂಟ್ ಹೋದಂತೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯುವುದನ್ನು ಅಂದಕ್ಕಾಗಿ ಮಾಡುವ ಕೆಲಸವೆಂದು ಭಾವಿಸಬಾರದು. ಆಪ್‌ಆಂಪ್‌ನ ಈ ಪ್ರವಾಹ ಬಂದು ಸೇರುವ ಸೂಕ್ಷ್ಮ ಬಿಂದುವಿನ ಸುತ್ತ ಬೋರ್ಡಿನಲ್ಲಿ ಗ್ರೌಂಡ್ ತಾಮ್ರದ ಉಂಗುರವನ್ನೂ ಬರೆದೆ. ಮೇಲುಸ್ವರಗಳಲ್ಲಿ ಕಾಡುವುದು ಸಮಯ. ಕಂಪೇರೇಟರ್ ಎಚ್ಚೆತ್ತುಕೊಳ್ಳುವುದಕ್ಕೂ ಕೆಪ್ಯಾಸಿಟರ್ ಬರಿದಾಗುವುದಕ್ಕೂ ಸೇರಿ ಸುಮಾರು 0.7 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಪ್ರತಿ ಸುತ್ತಿಗೂ ಅಷ್ಟೇ ಹಿಡಿಯುತ್ತದೆ. 440 ಹರ್ಟ್ಸ್‌ನಲ್ಲಿ ಅದು ಅರ್ಧ ಸೆಂಟ್, 7040 ಹರ್ಟ್ಸ್‌ನಲ್ಲಿ ಎಂಟಕ್ಕೂ ಹೆಚ್ಚು ಸೆಂಟ್. ಇದಕ್ಕೆ ಫ್ರಾಂಕೊ ಪರಿಹಾರವೆಂದು ಕರೆಯುವ ಉಪಾಯ ನನಗೆ ಅತ್ಯಂತ ಪ್ರಿಯವಾದದ್ದು. ಕೆಪ್ಯಾಸಿಟರಿನ ಸರಣಿಯಲ್ಲಿ ಒಂದು ರೆಸಿಸ್ಟರ್ ಇಟ್ಟು, ಜೆಫೆಟ್ ಅನ್ನು ಕೆಪ್ಯಾಸಿಟರಿಗೆ ಮಾತ್ರ ಅಡ್ಡಲಾಗಿ ಜೋಡಿಸಿದರೆ, ಪ್ರವಾಹ ಹೆಚ್ಚಿದಷ್ಟೂ ರೆಸಿಸ್ಟರಿನ ಮೇಲಿನ ವೋಲ್ಟೇಜು ಹೆಚ್ಚಿ ಅಲೆ ಅಷ್ಟು ಮುಂಚೆಯೇ 5 ವೋಲ್ಟ್ ಮುಟ್ಟುತ್ತದೆ. ಹೀಗೆ ಗಳಿಸಿದ ಸಮಯ ಯಾವ ಸ್ವರದಲ್ಲಿಯೂ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್‌ಗಳ ಗುಣಲಬ್ಧದಷ್ಟೇ ಇರುತ್ತದೆ. 700 ಓಮ್ ಇದ್ದರೆ 0.7 ಮೈಕ್ರೋಸೆಕೆಂಡ್, ಕಳೆದುಕೊಂಡದ್ದು ಅಷ್ಟೂ ಮರಳಿ ಬಂದಂತೆ. ಅಲ್ಲಿ 1 ಕಿಲೋಓಮ್ ಟ್ರಿಮ್ಮರ್ ಇಟ್ಟೆ.

ಉಳಿದ ಆಕಾರಗಳು ಈ ಗರಗಸದ ಅಲೆಯಿಂದಲೇ ಹುಟ್ಟುತ್ತವೆ. ಅದನ್ನು ಹಿಗ್ಗಿಸಿ ಧನ ಋಣ 5 ವೋಲ್ಟಿನ ನಡುವೆ ನಿಲ್ಲಿಸಿ, ಕಂಪೇರೇಟರಿನಿಂದ ಅಗಲ ಬದಲಿಸಬಹುದಾದ ಚೌಕ ಅಲೆಯನ್ನೂ, ಋಣ ಭಾಗವನ್ನು ಧನಕ್ಕೆ ಮಡಿಸುವ ಪೂರ್ಣ ರೆಕ್ಟಿಫೈಯರಿನಿಂದ ತ್ರಿಕೋನ ಅಲೆಯನ್ನೂ ಪಡೆದೆ. ಸೈನ್ ಅಲೆಗೆ ಎಲ್‌ಎಂ13700 ಐಸಿಯ ಒಳಗಿನ ಟ್ರಾನ್ಸಿಸ್ಟರ್ ಜೋಡಿಗೆ ತ್ರಿಕೋನ ಅಲೆಯನ್ನು ತುಸು ಹೆಚ್ಚು ಬಲದಿಂದ ಉಣಿಸಿ ತುದಿಗಳನ್ನು ಬಾಗಿಸಿದೆ. ಇದರ ಎರಡು ಟ್ರಿಮ್ಮರ್‌ಗಳನ್ನು ಆಸಿಲೋಸ್ಕೋಪಿನ ಪರದೆಗಿಂತ ಕಿವಿಯೇ ಚೆನ್ನಾಗಿ ತಿರುಗಿಸಬಲ್ಲದು. ಸಮತೆ ತಪ್ಪಿದ್ದರೆ ಮೇಲಿನ ಸ್ಥಾಯಿಯ ಅದೇ ಸ್ವರ ನುಸುಳುತ್ತದೆ, ಬಲ ಹೆಚ್ಚು ಕಡಿಮೆಯಾಗಿದ್ದರೆ ಮೇಲಿನ ಸ್ಥಾಯಿಯ ಪಂಚಮ ಕೇಳುತ್ತದೆ. ಎರಡೂ ಅಡಗುವವರೆಗೆ ತಿರುಗಿಸಿದರೆ ಆಯಿತು.

ಫಲಕದ ಎತ್ತರ ಯುರೋರ್‍ಯಾಕ್ ಅಳತೆಯಂತೆ 128.5 ಮಿಲಿಮೀಟರ್. ಜ್ಯಾಕ್‌ಗಳನ್ನು ಜೋಡಿಸುವಾಗ ನೆನಪಿಡಬೇಕಾದದ್ದೊಂದಿದೆ. ವೋಲ್ಟೇಜು ಕಳಿಸುವ ಮಾಡ್ಯೂಲಿನ ಔಟ್‌ಪುಟ್‌ನಲ್ಲಿ 1 ಕಿಲೋಓಮ್ ಇದ್ದರೆ, ನಮ್ಮ 100 ಕಿಲೋಓಮ್ ಇನ್‌ಪುಟ್ ಅದರಲ್ಲಿ ಸುಮಾರು ಶೇಕಡಾ 1ರಷ್ಟನ್ನು ಕಳೆಯುತ್ತದೆ, ಸ್ಥಾಯಿಗೆ 12 ಸೆಂಟ್ ತಗ್ಗುತ್ತದೆ. ಆದ್ದರಿಂದ ಯಾವ ಕೀಬೋರ್ಡ್ ಇಲ್ಲವೇ ಸ್ವರಗಳ ಸಾಲನ್ನು ತಾನೇ ನುಡಿಸುವ ಸೀಕ್ವೆನ್ಸರ್‌ನಿಂದ ನುಡಿಸುತ್ತೇವೆಯೋ ಅದನ್ನೇ ಜೋಡಿಸಿಕೊಂಡು ಶ್ರುತಿ ಹೊಂದಿಸುವುದು ಉಚಿತ.

ಹೊಂದಿಸುವ ಮೊದಲು ಮಾಡ್ಯೂಲನ್ನು ಅದು ಇರಬೇಕಾದ ಪೆಟ್ಟಿಗೆಯೊಳಗೇ ಅರ್ಧ ಗಂಟೆ ಓಡಲು ಬಿಡುತ್ತೇನೆ. ಆಮೇಲೆ 110 ಹರ್ಟ್ಸ್‌ಗೆ ಗುಬ್ಬಿಯನ್ನು ನಿಲ್ಲಿಸಿ, ಸರಿಯಾಗಿ 2 ವೋಲ್ಟ್ ಕೂಡಿಸಿ, 440 ಬರುವಂತೆ ವಿಭಾಜಕದ ಟ್ರಿಮ್ಮರನ್ನು ತಿರುಗಿಸುತ್ತೇನೆ. ಆ ತಿರುವಿನಿಂದ 110 ಕೂಡ ಸರಿಯುವುದರಿಂದ ಹಿಂದಿರುಗಿ ಮತ್ತೆ ನೋಡಬೇಕು. ಗಮನವಿರಬೇಕಾದದ್ದು ಅನುಪಾತದ ಮೇಲೆ. ಅದು ನಿಂತ ಮೇಲಷ್ಟೇ 3520 ಮತ್ತು 7040 ಹರ್ಟ್ಸ್‌ಗೆ ಹೋಗಿ ಫ್ರಾಂಕೊ ಟ್ರಿಮ್ಮರನ್ನು ಮುಟ್ಟಬೇಕು. ನನ್ನ ಮಾಡ್ಯೂಲ್ 110ರಿಂದ 3520 ಹರ್ಟ್ಸ್‌ವರೆಗಿನ ಐದು ಸ್ಥಾಯಿಗಳಲ್ಲಿ ಎರಡು ಸೆಂಟಿನೊಳಗೆ ನಿಲ್ಲುತ್ತದೆ.

ಈಗ ಇದೇ ವಿನ್ಯಾಸದ ಎರಡನೆಯ ಮಾಡ್ಯೂಲನ್ನೂ ಕಟ್ಟಿರುವುದರಿಂದ, ಜಾರುವಿಕೆಯನ್ನು ಪರೀಕ್ಷಿಸಲು ಮೀಟರೇ ಬೇಕಾಗಿಲ್ಲ. ಎರಡನ್ನೂ 440ಕ್ಕೆ ಹೊಂದಿಸಿ ಒಟ್ಟಿಗೆ ನುಡಿಸಿದರೆ, ಒಂದು ಸೆಂಟ್ ವ್ಯತ್ಯಾಸವಿದ್ದಲ್ಲಿ ಸುಮಾರು ನಾಲ್ಕು ಸೆಕೆಂಡಿಗೊಂದು ಮಿಡಿತ ಕೇಳುತ್ತದೆ. ಒಂದನ್ನು ಮಾತ್ರ ಮೆಲ್ಲಗೆ ಬಿಸಿ ಮಾಡಿ ಬೇರೆಬೇರೆ ಸ್ಥಾಯಿಗಳಲ್ಲಿ ಆಲಿಸಿದರೆ ಕಾರಣವೂ ತಿಳಿಯುತ್ತದೆ. ಎಲ್ಲ ಸ್ಥಾಯಿಗಳಲ್ಲಿಯೂ ಅಷ್ಟೇ ಸೆಂಟ್ ಜಾರಿದ್ದರೆ ಆಧಾರದ ವೋಲ್ಟೇಜನ್ನೋ ಕೆಪ್ಯಾಸಿಟರನ್ನೋ ಜೋಡಿಯ ಎರಡು ಟ್ರಾನ್ಸಿಸ್ಟರ್‌ಗಳ ನಡುವಿನ ಉಷ್ಣತೆಯ ಅಂತರವನ್ನೋ ನೋಡಬೇಕು. 1000 ಹರ್ಟ್ಸ್‌ನಿಂದ ದೂರ ಸರಿದಷ್ಟೂ ಜಾರುವಿಕೆ ಬೆಳೆಯುತ್ತಿದ್ದರೆ ಟೆಂಪ್ಕೋ ರೆಸಿಸ್ಟರ್ ಜೋಡಿಯ ಮೈಗೆ ಸರಿಯಾಗಿ ತಾಗಿಲ್ಲವೆಂದು ತಿಳಿದು, ಪೇಸ್ಟ್ ಒರೆಸಿ ಮತ್ತೆ ಕೂರಿಸಬೇಕು.